ಗುಡ್ಡವಿಲ್ಲದ ಬಯಲು

"ಕಾಲೆತ್ತೇ ಲೌಡಿ! ಎಲ್ಲಿ ಕಾಲಿಡ್ತಿದೀನಿ ಅನ್ನೋ ಗ್ಯಾನ ಬೇಡ್ವಾ? ಅದೇನು ನೀನು ತುಳಿಯೋ ಕೆಸರು ಅಂದ್ಕೊಂಡ್ಯಾ?"

ಮಾತಿನ ಹಿಂದೆಯೇ ಮೇಸ್ತ್ರಿಯ ಬೂಟು ಅವಳ ಮಂಡಿಯ ಹಿಂಬದಿಗೆ ಬಿತ್ತು. ಕೊಕ್ಕರೆ ಮುಗ್ಗರಿಸಿ ಎರಡೂ ಕೈ ಊರಿಕೊಂಡು ಬಿದ್ದಳು. ಬಿದ್ದಿದ್ದೂ ಆ ಹಾಳು ಹಾಳೆಯ ಮೇಲೇ. ಹಸಿಮಣ್ಣಿನ ಬೆರಳುಗಳು ಬಿಳಿ ಫ್ಲೆಕ್ಸಿನ ಮೇಲೆ ಸಾಲಾಗಿ ಮೂಡಿದವು. ಮೇಸ್ತ್ರಿ ಇನ್ನೊಂದು ಒದೆಗೆ ಕಾಲೆತ್ತಿದ.

"ಬಿಡಿ, ಪರವಾಗಿಲ್ಲ. ಒರೆಸಿದರೆ ಹೋಗತ್ತೆ," ಎಂದಳು ನಕ್ಷೆ ಮೇಡಂ.

ಒರೆಸಿದರೆ ಹೋಗುವುದು ಹಾಳೆಗೆ ಅಂಟಿದ ಮಣ್ಣು. ಮಂಡಿಯ ಮಾತನ್ನು ಯಾರೂ ಎತ್ತಲಿಲ್ಲ.

ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ತುಳಿಯುವುದು ಅವಳ ಕೆಲಸ. ಉದ್ದನೆಯ ಕಾಲು, ಸೊಂಟದವರೆಗಿನ ಕೆಸರಲ್ಲಿ ಒಂದೊಂದೇ ಕಾಲನ್ನು ಎತ್ತಿ ಇಡುವ ಗತ್ತು, ಅದಕ್ಕೇ ಭಟ್ಟಿಯ ಜನ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರನ್ನು ಕೊನೆಯ ಸಲ ಕೂಗಿದವನು ಅವಳ ಗಂಡ. ಅವನು ಕಾಣೆಯಾಗಿ ತಿಂಗಳ ಮೇಲಾಗಿತ್ತು.

ಇಟ್ಟಿಗೆ ಒಣಹಾಕುವ ಬಯಲಲ್ಲಿ ಮೂರು ದೊಡ್ಡ ಫ್ಲೆಕ್ಸುಗಳನ್ನು ಹಾಸಿ, ಗಾಳಿಗೆ ಹಾರದಂತೆ ಮೂಲೆಮೂಲೆಗೆ ಇಟ್ಟಿಗೆ ಹೇರಿದ್ದರು. ಭಟ್ಟಿಯ ಜನರನ್ನೆಲ್ಲ ಕೆಲಸದ ನಡುವೆಯೇ ಕರೆತಂದು ಒಂದೇ ಬದಿಗೆ ಕೂರಿಸಿದ್ದರು. ಧಣಿಯೊಬ್ಬ ಮಾತ್ರ ಕುರ್ಚಿಯ ಮೇಲೆ, ಕೊಡೆಯ ನೆರಳಲ್ಲಿ. ಊರಿನ ಜನರೇ ಕೂಡಿ ಊರಿನದೊಂದು ನಕ್ಷೆ ಪುಸ್ತಕ ಮಾಡುವುದಂತೆ. ಅದಕ್ಕೆ ಎಲ್ಲರ ಒಪ್ಪಿಗೆ ಬೇಕಂತೆ, ಭಟ್ಟಿಯವರದ್ದೂ. ಅಚ್ಚಿನ ಖರ್ಚು ಧಣಿಯದು.

"ಕುರಿ ಕೇಳಿ ಮಸಾಲೆ ಅರೆಯೋ ಕಾಲ ಬಂತಲ್ಲೇ," ಎಂದು ಅತ್ತೆ ಗೊಣಗಿದಳು. ಅವಳು ಕೊಕ್ಕರೆಯ ಗಂಡನ ತಾಯಿ. ಮುದುಕಿಗೆ ಬೆನ್ನು ಬಾಗಿದ್ದರೂ ನಾಲಿಗೆ ಮಾತ್ರ ನೆಟ್ಟಗಿತ್ತು.

ನಕ್ಷೆ ಮೇಡಂ ವಯಸ್ಸಿನ ಹುಡುಗಿ. ಒಳ್ಳೆಯವಳೇ. ಎಲ್ಲರನ್ನೂ "ನೀವು" ಎನ್ನುತ್ತಿದ್ದಳು, ಅದಕ್ಕೇ ಹೆಂಗಸರಿಗೆ ಅವಳ ಮುಂದೆ ಮೈಯೆಲ್ಲ ಮುಜುಗರ. "ನೋಡಿ ಅಮ್ಮಂದಿರೇ, ಮನೆಗೆ ಪಾಯ ಇರತ್ತಲ್ಲ, ಹಾಗೆ ಪುಸ್ತಕಕ್ಕೊಂದು ತಳನಕ್ಷೆ ಬೇಕು. ಬಾವಿ, ಶಾಲೆ, ದಾರಿ, ಯಾರ ಮನೆ ಎಲ್ಲಿ, ಅದೆಲ್ಲ ಆಮೇಲೆ ಇದರ ಮೇಲೆ ಬರೋದು. ಮೂರು ಮಾಡಿ ತಂದಿದೀನಿ. ಯಾವುದಾಗಬೇಕು ಅಂತ ನೀವೇ ಹೇಳಬೇಕು."

ಮೊದಲನೆಯದು ಬರೀ ಗೆರೆ. ಸಕ್ಕರೆ ಡಬ್ಬಿಗೆ ಮುತ್ತಿದ ಇರುವೆಗಳಂತೆ ಅದರ ತುಂಬ ಅಂಕಿಗಳು. ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಎರಡನೆಯದಕ್ಕೆ ಬಣ್ಣ ತುಂಬಿತ್ತು. ಹಳೆಯ ಕಾಲದ ಅಳತೆಯ ಮೇಲೆ ಮೇಡಂ ಕೂತು ಬರೆದದ್ದು. ದಾರಿ ಹಳದಿ, ನೀರು ನೀಲಿ, ಚಿಮಣಿಯ ಹಿಂದಿನ ಬಯಲೆಲ್ಲ ಕಣ್ಣಿಗೆ ತಂಪಾಗುವ ಹಸಿರು. ಮೂರನೆಯದು ಫೋಟೋ. ಆಕಾಶದಿಂದ ತೆಗೆದದ್ದು.

"ನಮ್ಮ ಡ್ರೋನ್ ಬಂದಿತ್ತಲ್ಲ, ಅವತ್ತಿನದು," ಎಂದಳು ಮೇಡಂ.

ಕೊಕ್ಕರೆ ತಟ್ಟನೆ ಕತ್ತೆತ್ತಿದಳು. ಅವತ್ತು!

ಅವತ್ತು ಬೆಳಗ್ಗೆ ಮೇಸ್ತ್ರಿ ಅವಳ ಗಂಡನನ್ನು ಚಿಮಣಿಯ ಹಿಂದಿನ ಕೆಲಸಕ್ಕೆ ಕರೆದೊಯ್ದಿದ್ದ. ಅಲ್ಲಿ ಆಳೆತ್ತರದ ತಗಡು ಕಟ್ಟಿತ್ತು. ಒಳಗೆ ಯಂತ್ರದ ಸದ್ದು. ಬೇರೆ ಭಟ್ಟಿಯಿಂದ ಬಂದ ಗಂಡಸರು ಅಲ್ಲಿ ಕೆಲಸ ಮಾಡುತ್ತಿದ್ದರು. ಇಲ್ಲಿಯವರು ತಗಡಿನ ಹತ್ತಿರ ಸುಳಿದರೆ ಬೆನ್ನು ಮುರಿಯುವ ಹಾಗೆ ಬೀಳುತ್ತಿತ್ತು. ಬಿಸಿಲು ಇನ್ನೂ ಓರೆಯಾಗಿರುವಾಗಲೇ ಆ ಹಾರುವ ಆಟಿಕೆ ಬಂತು, ಮಕ್ಕಳೆಲ್ಲ ಹೋ ಎಂದು ಅದರ ಹಿಂದೆ ಓಡಿದವು. ಊಟಕ್ಕೆ ಗಂಡ ಬರಲಿಲ್ಲ. ಸಂಜೆ ಮೇಸ್ತ್ರಿ ಬಂದು, "ನಿನ್ ಗಂಡ ಓಡಿಹೋದ ಕಣೇ, ಮೆಟ್ಟು ಮೆಟ್ಕೊಂಡು ಠೀವಿಯಿಂದ ಹೋದ. ಯಾವಳು ಸಿಕ್ಕಿದ್ಲೋ," ಎಂದ. ಆ ರಾತ್ರಿಯಿಂದ ಎರಡು ದಿನ ತಗಡಿನ ಹಿಂದೆ ಯಂತ್ರ ನಿಲ್ಲಲಿಲ್ಲ. ಆಮೇಲೆ ತಗಡು ಬಿಚ್ಚಿದರು, ಅಂಗೈಯ ಹಾಗೆ ನುಣ್ಣಗಿನ ನೆಲ. ಅಲ್ಲೇನಿತ್ತು ಎಂದು ಕೇಳಿದವರಿಗೆ, "ನೀರು ನಿಲ್ಸೋಕೆ ಮೊಳಕಾಲುದ್ದ ತೋಡಿದ್ವಿ, ಬೇಡ ಅಂತ ಮುಚ್ಚಿದ್ವಿ," ಎಂದು ಉತ್ತರ. ಆ ಗಂಡಸರನ್ನೂ ಎಲ್ಲಿಗೋ ಸಾಗಿಸಿಯಾಗಿತ್ತು.

ಅವನ ಮೆಟ್ಟಿನ ಸಂಗತಿಯೇ ಬೇರೆ. ರಬ್ಬರಿನ ಜೋಡು. ಎಡಗಾಲಿನದರ ಉಂಗುಟ ಕಿತ್ತುಹೋದಾಗ, ಸುಟ್ಟ ಮೋಟಾರಿನ ತಾಮ್ರದ ತಂತಿ ಸುತ್ತಿ ಕೊಕ್ಕರೆಯೇ ಬಿಗಿದುಕೊಟ್ಟಿದ್ದಳು. ಕೆಲಸಕ್ಕೆ ಇಳಿಯುವ ಮುಂಚೆ ಅವನು ಅದನ್ನು ದಡದ ಮೇಲೆ ಜೋಡಿಸಿ ಬಿಡುತ್ತಿದ್ದ, ಯಾರದೋ ಮನೆಗೆ ನೆಂಟನಾಗಿ ಬಂದವನ ಹಾಗೆ. ಆ ಮೆಟ್ಟೇ ಈಗ ಅವನ ಮೇಲಿನ ಸಾಕ್ಷಿ. ಓಡಿಹೋಗದವನಾಗಿದ್ದರೆ ಮೆಟ್ಟೆಲ್ಲಿ ಹೋಯಿತು ಎಂದು ಧಣಿ ಎಲ್ಲರ ಮುಂದೆ ಕೇಳಿದ್ದ. ಅತ್ತೆ ಅದನ್ನು ನಂಬಿದ್ದಳು. "ನಿನ್ನ ಬಾಯಿಗೆ ಹೆದರಿ ಹೋದ ನನ್ ಮಗ," ಎಂದು ದಿನಕ್ಕೊಂದು ಸಲ ಸೊಸೆಯ ಮುಖಕ್ಕೆ ಬಡಿಯುತ್ತಿದ್ದಳು.

ಕೊಕ್ಕರೆ ಮಂಡಿಯೂರಿ ಫೋಟೋದ ಮೇಲೆ ಬಾಗಿದಳು. ಅವತ್ತಿನದಾದರೆ ಅವನೂ ಇದರಲ್ಲಿ ಎಲ್ಲೋ ಇರಬೇಕು. ಯಾವುದಾದರೂ ದಾರಿಯ ಮೇಲೆ, ಬೆನ್ನು ತಿರುಗಿಸಿ ಹೋಗುತ್ತಿರಲಿ ಬೇಕಾದರೆ, ಒಂದು ಚುಕ್ಕೆಯಾಗಿ ಕಂಡರೂ ಸಾಕು ಎಂದು ಇಂಚಿಂಚೂ ಹುಡುಕಿದಳು.

"ಇದು ನಿಮ್ಮ ಚಿಮಣಿ," ಎಂದು ಮೇಡಂ ಬೆರಳಿಟ್ಟಳು.

ಚಿಮಣಿಯ ಹಿಂದೆ ದೊಡ್ಡದೊಂದು ಗುಡ್ಡ ಎದ್ದು ನಿಂತಿತ್ತು. ಒಂದು ಮಗ್ಗುಲು ಬಿಳುಪು, ಒಂದು ಮಗ್ಗುಲು ಕಪ್ಪು. ಕೊಕ್ಕರೆ ತಲೆಯೆತ್ತಿ ನಿಜವಾದ ಚಿಮಣಿಯ ಹಿಂದೆ ನೋಡಿದಳು. ಬಯಲು, ಬರೀ ಬಯಲು. ಕಣ್ಣು ಹಾಯುವಷ್ಟು ದೂರ ಒಂದು ದಿಣ್ಣೆಯೂ ಇಲ್ಲ.

"ಇದು ನಮ್ ಜಾಗ ಅಲ್ಲ," ಎಂದಳು. "ನಮ್ಮಲ್ಲಿ ಗುಡ್ಡ ಎಲ್ಲೈತೆ? ಯಾವ್ದೋ ಊರಿಂದು ತಂದಿದೀರ."

ಎಲ್ಲರೂ ಬಾಗಿ ನೋಡಿದರು. ಹೌದೇ ಹೌದು, ಗುಡ್ಡ! ಅವಳ ಜೋಡಿ ಮಣ್ಣು ತುಳಿಯುವ ಕುಳ್ಳಿ, "ಗುಡ್ಡ ಇದ್ದಿದ್ರೆ ಹಿಂದುಗಡೆ ಕೂತ್ಕೊಳಾಕಾದ್ರೂ ಮರೆ ಇರ್ತಿತ್ತು," ಎಂದಳು. ಹೆಂಗಸರು ಬಾಯಿಗೆ ಬಟ್ಟೆ ಒತ್ತಿ ನಕ್ಕರು. ಮೇಡಂ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಧಣಿ ಕುರ್ಚಿಯಿಂದ ಎದ್ದೇಬಿಟ್ಟ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಅವನ ಮುಖ ಸಡಿಲಾಗಿ, ಅವನೂ ಜೋರಾಗಿ ನಗುತ್ತಿದ್ದ.

"ಕೇಳಿದ್ರಾ ಮೇಡಂ? ಅವರ ಜಾಗ ಅಲ್ಲ ಅಂತ ಅವರೇ ಹೇಳ್ತಾವ್ರೆ! ಜನರ ಮಾತಿಗೆ ಎದುರಾಡಬಾರದಪ್ಪ, ಜನರ ಪುಸ್ತಕ ಇದು. ಆ ಹಸಿರುದೇ ಇರ್ಲಿ. ಏನ್ರೇ, ಹಸಿರು ಚೆನ್ನಾಗಿಲ್ವಾ?"

ಚೆನ್ನಾಗಿತ್ತು. ಕೈಯೆತ್ತಿ ಎಂದರೆ ಎತ್ತಿದರು. ಒಪ್ಪಿಗೆಯ ಗುರುತಿಗೆ ಬಲಗೈಯನ್ನು ಹಸಿಮಣ್ಣಿಗೆ ಅದ್ದಿ ಹಸಿರು ನಕ್ಷೆಯ ಅಂಚಿಗೆ ಒತ್ತಿ ಎಂದರೆ ಒತ್ತಿದರು. ಮೊದಲ ಕೈ ಕೊಕ್ಕರೆಯದು.

ಕೈ ಒತ್ತಿದವಳು ಸುಮ್ಮನೆ ಹೋಗಲಿಲ್ಲ. "ಮೇಡಮ್ಮೋರೇ, ನಮ್ ಜಾಗದ್ದೇ ಫೋಟೋ ಇದ್ರೆ ತೋರ್ಸಿ. ಅವತ್ತು ನನ್ ಗಂಡ ಯಾವ್ ದಾರಿ ಹಿಡ್ದ ಅಂತ ನೋಡ್ಬೇಕು."

ಧಣಿಯ ನಗು ನಿಂತಿತು. "ಅವನ ಸುದ್ದಿ ಮತ್ತೆ ಎತ್ತಿದ್ಯಾ? ಓಡಿಹೋದೋನು ಓಡಿಹೋದ. ಕೆಲಸ ನೋಡೋಗೇ ಮುಂಡೆ."

"ಅವನು ಓಡಿಹೋಗಿದ್ರೆ ನಾನು ಮುಂಡೆ ಹೆಂಗಾಗ್ತೀನಿ ಧಣಿ?"

ಕೊಕ್ಕರೆಗೆ ಅದು ಬಾಯಿಗೆ ಬಂದ ಮಾತು ಅಷ್ಟೆ. ಧಣಿಯ ಮುಖ ಮಾತ್ರ ಕಪ್ಪಿಟ್ಟಿತು. ಅವನು ಕಣ್ಣಲ್ಲೇ ಸನ್ನೆ ಮಾಡಿದ. ಮೇಸ್ತ್ರಿಯ ಕೈಗೆ ಸಿಕ್ಕಿದ್ದು ಇಟ್ಟಿಗೆ ಹಾಕುವ ಮರದ ಅಚ್ಚು. ಅದರ ಮೂಲೆ ಅವಳ ಪಕ್ಕೆಗೆ ಬಿತ್ತು, ಬೆನ್ನಿಗೆ ಬಿತ್ತು, ಮತ್ತೆ ಅದೇ ಪಕ್ಕೆಗೆ ಬಿತ್ತು. ಒಳಗೆ ಒಣಕಟ್ಟಿಗೆ ಮುರಿದ ಸದ್ದು ಅವಳಿಗೇ ಕೇಳಿಸಿತು. "ಮೆಟ್ಟಲ್ಲಿ ಹೊಡಿಯೋ ಅವಳ ಬಾಯಿಗೆ," ಎಂದು ಧಣಿ ಕೂಗಿದ. ಮೇಸ್ತ್ರಿ ಬೂಟು ಬಿಚ್ಚುವಷ್ಟು ಪುರುಸೊತ್ತಿನವನಲ್ಲ. ಕಾಲಲ್ಲೇ ಆ ಕೆಲಸ ಮುಗಿಸಿದ. ಭಟ್ಟಿಯ ಜನ ನೆಲ ನೋಡುತ್ತ ಕೂತರು. ಮೇಡಂ ಹಸಿರು ನಕ್ಷೆಯನ್ನು ಬಹಳ ಜೋಪಾನವಾಗಿ ಸುತ್ತುತ್ತಿದ್ದಳು.

ಬೇಡವಾದ ಎರಡು ಫ್ಲೆಕ್ಸುಗಳನ್ನು ಅಲ್ಲೇ ಬಿಟ್ಟುಹೋದರು. ಭಟ್ಟಿಯಲ್ಲಿ ಫ್ಲೆಕ್ಸು ಎಂದರೆ ಸೂರು. ಅಂಕಿಗಳದ್ದನ್ನು ಕುಳ್ಳಿ ಎಳೆದುಕೊಂಡಳು, ಫೋಟೋದ್ದನ್ನು ಅತ್ತೆ ಹೊತ್ತು ತಂದಳು. ಗಾರೆ ಕಾಣದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆ, ಅದರ ಮೇಲೆ ನಾಲ್ಕು ಗಳ. ಹರಿದ ಪ್ಲಾಸ್ಟಿಕ್ಕು ಕಿತ್ತು ಅದರ ಜಾಗಕ್ಕೆ ಫೋಟೋ ಹೊದಿಸಿದಳು. ಚಿತ್ರದ ಮೈ ಒಳಕ್ಕೆ, ಬಿಳಿಯದು ಹೊರಕ್ಕೆ, ಬಿಸಿಲು ಕಡಿಮೆಯಾಗಲಿ ಎಂದು.

ಆ ಚಿತ್ರದ ಕೆಳಗೆ ಕೊಕ್ಕರೆ ಏಳಲಾರದೆ ಮಲಗಿದಳು. ಉಸಿರೆಳೆದರೆ ಪಕ್ಕೆಯಲ್ಲಿ ಮೊಳೆ ಹೊಡೆದಂತಾಗುತ್ತಿತ್ತು. ಕಣ್ಣು ಬಿಟ್ಟರೆ ಅದೇ ದರಿದ್ರ ಗುಡ್ಡ. ಯಾವುದೋ ಊರಿನ ಗುಡ್ಡ ತನ್ನ ಎದೆಯ ಮೇಲೇ ಬಂದು ಕೂತಿದೆಯಲ್ಲ ಎಂದು ಅದನ್ನು ಶಪಿಸುತ್ತಿದ್ದಳು. ಅತ್ತೆ ಗಂಜಿ ಕಾಸಿ ಬಾಯಿಗೆ ಹುಯ್ಯುತ್ತಿದ್ದಳು, ಹುಯ್ಯುತ್ತಲೇ ಬೈಯುತ್ತಿದ್ದಳು. "ಧಣಿಗೆ ಎದುರಾಡ್ತಾಳಂತೆ, ದೊಡ್ ಗಂಡಸು! ಬಡವನ ಕೋಪ ದವಡೆಗೆ ಮೂಲ ಅಂತ ಯಾರೂ ಹೇಳಿಕೊಡ್ಲಿಲ್ವಾ ನಿಂಗೆ? ನುಂಗು, ನುಂಗೇ ಮೂಳಿ, ಆರೋಗ್ತದೆ."

ಒಂದು ದಿನ ಅಕಾಲದ ಮಳೆ ಬಂತು. ಬಾಗಿಲ ಕಡೆಯಿಂದ ಎರಚಲು ಹೊಡೆಯುತ್ತಿತ್ತು. ಅತ್ತೆ ಸೊಸೆಯನ್ನು ಚಾಪೆ ಸಮೇತ ಎಳೆದು, ಬಾಗಿಲ ಕಡೆಗಿದ್ದ ತಲೆಯನ್ನು ಒಲೆಯ ಕಡೆಗೆ ತಿರುಗಿಸಿ ಮಲಗಿಸಿದಳು. ಮಾರನೆಯ ದಿನ ಬಿಸಿಲೇರಿದಾಗ ಸೂರು ಬೆಳಗಿತು. ಕೊಕ್ಕರೆ ಕಣ್ಣು ಬಿಟ್ಟಳು.

ಗುಡ್ಡ ಇರಲಿಲ್ಲ. ಅದಿದ್ದ ಜಾಗದಲ್ಲಿ ಗುಂಡಿಯೊಂದು ಬಾಯಿ ತೆರೆದಿತ್ತು.

ಅವಳು ಕಣ್ಣು ಮುಚ್ಚಿ ಬಿಟ್ಟಳು. ಗುಂಡಿಯೇ. ಹಲ್ಲು ಕಚ್ಚಿಕೊಂಡು, ಅಂಗೈಯೂರಿ, ಪಕ್ಕೆಯ ನೋವಿಗೆ ಅಯ್ಯಯ್ಯೋ ಎನ್ನುತ್ತ ಮತ್ತೆ ಬಾಗಿಲ ಕಡೆ ತಲೆ ಹಾಕಿದಳು. ಗುಡ್ಡ. ಒಲೆಯ ಕಡೆ ತಿರುಗಿದಳು. ಗುಂಡಿ. ನೆರಳು ಅಡಿಮೇಲಾದರೆ ಉಬ್ಬಿದ್ದು ತಗ್ಗಾಗುತ್ತಿತ್ತು, ಅಷ್ಟೇ ಸಂಗತಿ. ಅವತ್ತು ಬಯಲಲ್ಲಿ ಎಲ್ಲರೂ ಒಂದೇ ಕಡೆ ಕೂತು ನೋಡಿದ್ದರು.

ಮೊಳಕಾಲುದ್ದವಂತೆ! ಅರ್ಧ ಚಿಮಣಿ ಮುಳುಗುವ ಆಳ ಅದು. ಅಂಚು ನೆಟ್ಟಗೆ ಕತ್ತರಿಸಿದ ಗೋಡೆ. ಅದರಲ್ಲಿ ಒಂದು ಕಡೆ ದಡ ಮುರಿದು ನಾಲಿಗೆಯ ಹಾಗೆ ಒಳಕ್ಕೆ ಚಾಚಿತ್ತು. ಕುಸಿದ ಮಣ್ಣು ಹೇಗೆ ಬಿದ್ದಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ನಾಲಿಗೆಯ ಪಕ್ಕದಲ್ಲೇ ದಡಕ್ಕೆ ಒರಗಿದ ಏಣಿಯ ತಲೆ. ಏಣಿಯ ಬುಡ ಮಣ್ಣಿನೊಳಗೆ. ಏಣಿಯ ತಲೆಯ ಹತ್ತಿರ, ದಡದ ಮೇಲೆ, ಎಳ್ಳಿನಷ್ಟು ಎರಡು ಚುಕ್ಕೆಗಳು. ಪಕ್ಕಪಕ್ಕದಲ್ಲಿ, ಜೋಡಿಸಿಟ್ಟ ಹಾಗೆ.

"ಅತ್ತೇ," ಎಂದಳು. ಚಾಪೆಯನ್ನು ತಟ್ಟಿದಳು. "ಅತ್ತೇ, ಇಲ್ ಬಾ. ನನ್ ಪಕ್ಕ ಮಲಗು."

"ಹಗಲು ಹೊತ್ನಲ್ಲಿ ಮಲಗೋ ಭಾಗ್ಯ ನಂಗೆಲ್ಲಿ ಬರ್ಬೇಕು..."

"ಮಲಗು ಅತ್ತೇ, ನಿನ್ ಕಾಲಿಗೆ ಬೀಳ್ತೀನಿ."

ಮುದುಕಿ ಗೊಣಗುತ್ತ ಮಲಗಿದಳು. ಸೊಸೆ ಬೆರಳು ತೋರಿಸಿದ ಕಡೆಗೆ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಗಂಟಲಿಂದ ಒಂದು ಸದ್ದು ಬಂತು. ಅಳುವಲ್ಲ, ಮಾತೂ ಅಲ್ಲ. ಕೈ ತಡಕಾಡಿ ಸೊಸೆಯ ತಲೆಯನ್ನು ಹುಡುಕಿ ಹಿಡಿದುಕೊಂಡಿತು.

"ಓಡಿಹೋಗಿರ್ಲಿಲ್ಲ ಅವನು," ಎಂದಳು. "ನಿನ್ ಬಾಯಿಗೆ ಹೆದರಿ ಹೋದ ಅಂತ ಬೈದ್ನಲ್ಲೇ. ಈ ನಾಲಿಗೆ ಸೇದೋಗ. ಇಲ್ಲೇ ಮಲಗಿದ್ನಲ್ಲೇ ನನ್ ಕಂದ, ನಾವು ಅವನ ತಲೆ ಮೇಲೆ ಓಡಾಡ್ಕೊಂಡಿದ್ವಲ್ಲೇ."

ಸಂಜೆಯೊಳಗೆ ಭಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಲೆಯ ಕಡೆ ತಲೆ ಹಾಕಿ ಮಲಗಿದರು, ನೋಡಿದರು, ಎದ್ದು ಹೋದರು. ಕುಳ್ಳಿ ಮಾತ್ರ ಬಾಗಿಲಲ್ಲಿ ನಿಂತು, "ಗುಡ್ಡ ಅಂತ ನಕ್ಕಿದ್ದೆ ನಾನು," ಎಂದು ತನ್ನ ಕೆನ್ನೆಗೆ ತಾನೇ ರಪರಪ ಬಡಿದುಕೊಂಡಳು.

ಮರುದಿನ ನಕ್ಷೆ ಮೇಡಂ ಬಂದಳು. ಪುಸ್ತಕದ ರಟ್ಟಿಗೆ ಕೊಕ್ಕರೆಯ ಹಸ್ತದ ಗುರುತೇ ಆರಿಸಿದ್ದಾರೆ, ಅವಳದೊಂದು ಫೋಟೋ ಬೇಕು ಎಂದು. ಕೊಕ್ಕರೆ ಗೋಡೆಗೆ ಒರಗಿ ಕೂತಿದ್ದಳು.

"ಒಂಚೂರು ಮಲಗಿ ಮೇಡಮ್ಮೋರೇ."

"ಏನು?"

"ಮಲಗಿ ನೋಡವ್ವ. ನಮ್ ಚಾಪೆ ಮೇಲೆ ಮಲಗಿದ್ರೆ ಯಾರೂ ಸಾಯಲ್ಲ," ಎಂದಳು ಅತ್ತೆ.

ಮೇಡಂ ಮಲಗಿದಳು. ಒಳ್ಳೆಯವಳು ಎಂದು ಮೊದಲೇ ಹೇಳಿದೆನಲ್ಲ. ಕೊಕ್ಕರೆ ಒಂದೊಂದೇ ತೋರಿಸಿದಳು. ದಡ, ಏಣಿ, ಎರಡು ಚುಕ್ಕೆ. ಮೇಡಂ ಎದ್ದು ಕೂತಾಗ ತುಟಿ ಬೆಳ್ಳಗಾಗಿತ್ತು.

"ಮೊದಲೇ ಗೊತ್ತಿತ್ತಾ ನಿಮಗೆ?" ಎಂದು ಕೊಕ್ಕರೆ ಕೇಳಿದಳು.

"ಗುಂಡಿ ಅಂತ ಗೊತ್ತಿತ್ತು. ಗುಡ್ಡದ ಹಾಗೆ ಕಾಣೋದು ನೆರಳಿನಿಂದ. ಅವತ್ತು ಹೇಳೋಣ ಅಂತಿದ್ದೆ, ಅಷ್ಟರಲ್ಲಿ ನೀವೇ ಬೇಡ ಅಂದ್ರಿ. ಇದೆಲ್ಲ... ಮನುಷ್ಯ ಅಂತ ನನಗೆ ಗೊತ್ತಿರಲಿಲ್ಲ, ಆಣೆಗೂ."

"ಈಗ ಗೊತ್ತಾಯ್ತಲ್ಲ. ಪುಸ್ತಕಕ್ಕೆ ಇದನ್ ಹಾಕಿ. ಆ ಹಸಿರು ಕಿತ್ತಾಕಿ."

"ಅಚ್ಚಿಗೆ ಹೋಗಿಯಾಗಿದೆ ಅಮ್ಮ. ನೀವೆಲ್ಲ ಕೈ ಒತ್ತಿ ಒಪ್ಪಿದ್ದಲ್ವಾ? ಆ ಬಯಲನ್ನ ಧಣಿಗಳು ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟಿದ್ದಾರೆ. ಪುಸ್ತಕದ ಬಿಡುಗಡೆಯೂ ಅಲ್ಲೇ. ನಾನು ನಕ್ಷೆ ಮಾಡೋಳು, ಇದು ಪೊಲೀಸರ ಕೆಲಸ..."

"ಅವರಿಗಾದ್ರೂ ಹೇಳ್ತೀರಾ?"

ಮೇಡಂ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನೋಡ್ತೀನಿ," ಎಂದಳು.

ಅವಳು ಯಾರಿಗೆ ಹೇಳಿದಳು ಎನ್ನುವುದು ಮಾರನೆಯ ಬೆಳಗ್ಗೆಯೇ ತಿಳಿಯಿತು. ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದು ಸೂರಿಗೆ ಕುಡುಗೋಲು ಹಾಕಿ ಸರ್ರನೆ ಸೀಳಿದ. ಅತ್ತೆ ಫ್ಲೆಕ್ಸಿನ ತುದಿಯನ್ನು ಹಿಡಿದು ಜೋತುಬಿದ್ದಳು. ಮೇಸ್ತ್ರಿ ಮೊದಲು ಅವಳ ಬೆರಳು ತುಳಿದ. ಬಿಡಲಿಲ್ಲ. ಆಮೇಲೆ ಕುಡುಗೋಲಿನ ಹಿಡಿಯಿಂದ ಬಾಯಿಗೆ ಗುದ್ದಿದ. ಮುಂದಿನ ಹಲ್ಲುಗಳು ರಕ್ತದ ಜೊತೆ ಚಾಪೆಯ ಮೇಲೆ ಉದುರಿದವು. ಫ್ಲೆಕ್ಸನ್ನು ಭಟ್ಟಿಯ ಬೆಂಕಿಗೆ ಹಾಕಿದರು. ಆ ದಿನ ಚಿಮಣಿಯ ಹೊಗೆ ಕರ್ರಗೆ, ನಾತ ಬಡಿಯುತ್ತ ಹೋಯಿತು.

ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ ಅತ್ತೆ ಕೇಳಿದಳು. "ಎಲ್ಲೈತೆ ಅಂತ ನೆಪ್ಪೈತಾ?"

"ಚಿಮಣಿಯಿಂದ ಬಯಲಾಚೆ ನೀರಿನ ಟ್ಯಾಂಕಿಗೆ ಒಂದು ಗೆರೆ ಎಳೀಬೇಕು," ಎಂದಳು ಕೊಕ್ಕರೆ. "ನಟ್ಟನಡುವೆ."

ಬಿಡುಗಡೆಯ ದಿನ ಆ ಬಯಲಲ್ಲಿ ಪೆಂಡಾಲು ಎದ್ದಿತು. ಚಿಮಣಿಯ ಬೆನ್ನಿಗೆ ವೇದಿಕೆ, ಎದುರಿಗೆ ಸಾಲುಸಾಲು ಕುರ್ಚಿ. ಭಟ್ಟಿಯವರಿಗೆ ಕುರ್ಚಿಗಳ ಹಿಂದೆ ನೆಲ. ಊರಿನ ದುಡಿಯುವ ಜನ ಎಂದು ಕೊನೆಗೊಂದು ಫೋಟೋ ಇದೆ, ಎಲ್ಲರೂ ಗುದ್ದಲಿ ಸನಿಕೆ ಹಿಡಿದೇ ಬರಬೇಕು ಎಂದು ಧಣಿಯದೇ ಅಪ್ಪಣೆ. ತಂದಿದ್ದರು.

ಬಿಡುಗಡೆಗೆಂದು ಜಿಲ್ಲೆಯಿಂದ ಬಂದಿದ್ದ ದೊಡ್ಡ ಸಾಹೇಬರು ರೇಷ್ಮೆ ದಾರ ಬಿಚ್ಚಿ ಪುಸ್ತಕ ಎತ್ತಿ ಹಿಡಿದರು. ರಟ್ಟಿನ ಮೇಲೆ ಕೆಮ್ಮಣ್ಣಿನ ಹಸ್ತ. ಚಪ್ಪಾಳೆ ಬಿತ್ತು. ಒಳಪುಟ ತೆರೆದು ತೋರಿಸಿದರು. ಚಿಮಣಿಯ ಹಿಂದೆ ಹಸಿರು ಬಯಲು, ಅದರ ಮೇಲೆ ಪುಟ್ಟದೊಂದು ಉಯ್ಯಾಲೆಯ ಚಿತ್ರ. ಇನ್ನಷ್ಟು ಚಪ್ಪಾಳೆ. ಸಾಹೇಬರಿಗೆ ಹುರುಪು ಬಂತು. "ಈ ಕೈ ಯಾರದ್ದು? ಅವರನ್ನ ಕರೀರಿ, ಮೊದಲ ಪ್ರತಿ ಅವರಿಗೇ ಕೊಡೋಣ," ಎಂದರು.

ಧಣಿ ಮೇಡಂ ಮುಖ ನೋಡಿದ. ಮೇಡಂ ನೆಲ ನೋಡಿದಳು. ಅಷ್ಟರಲ್ಲಿ ಕೊಕ್ಕರೆ ಎದ್ದಿದ್ದಳು. ಒಂದು ಕೈ ಪಕ್ಕೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಗುದ್ದಲಿ ಹಿಡಿದು, ಕೆಸರಲ್ಲಿ ನಡೆಯುವ ಅದೇ ನಡಿಗೆಯಲ್ಲಿ ಕುರ್ಚಿಗಳ ನಡುವೆ ಬಂದಳು. ವೇದಿಕೆಯ ಮುಂದೆ ನಿಂತು ಹಿಂದೆ ಚಿಮಣಿ ನೋಡಿದಳು, ಮುಂದೆ ನೀರಿನ ಟ್ಯಾಂಕು ನೋಡಿದಳು. ನಾಲ್ಕು ಹೆಜ್ಜೆ ಎಡಕ್ಕೆ ಸರಿದಳು. ಅಲ್ಲಿ ಕೂತಿದ್ದ ದಪ್ಪ ಗೃಹಸ್ಥರಿಗೆ, "ಏಳಿ ಯಜಮಾನ್ರೇ," ಎಂದಳು. ಅವರು ಗಲಿಬಿಲಿಯಲ್ಲಿ ಎದ್ದರು. ಕುರ್ಚಿಯನ್ನು ಕಾಲಲ್ಲಿ ಆಚೆ ನೂಕಿ ಗುದ್ದಲಿ ಎತ್ತಿ ಹಾಕಿದಳು.

ತುಂಬಿಸಿದ ಮಣ್ಣು, ಸಡಿಲ. ಎರಡು ಏಟಿಗೇ ಬೂದಿ, ಇಟ್ಟಿಗೆ ಚೂರು ಮೇಲೆ ಬಂದವು.

"ಏನೇ ಅದು! ಹಿಡೀರೋ ಆ ಹುಚ್ಚಿನ!"

ಮೇಸ್ತ್ರಿ ಓಡಿ ಬಂದ. ಅವನ ಕೈಯಲ್ಲಿ ಭಟ್ಟಿಯ ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಇತ್ತು. ಮೊದಲ ಏಟು ಕೊಕ್ಕರೆಯ ಬಲಭುಜಕ್ಕೆ ಬಿತ್ತು. ಗುದ್ದಲಿ ಕೈ ಜಾರಿತು. ಅದು ನೆಲ ಮುಟ್ಟುವ ಮೊದಲು ಕುಳ್ಳಿ ಹಿಡಿದಳು. ಅವಳ ಹಿಂದೆ ಹೆಂಗಸರೆಲ್ಲ ನುಗ್ಗಿ ಬಂದರು. ಕುರ್ಚಿಗಳು ಮಗುಚಿದವು, ಮೈಕು ಕೀರಲು ಕೂಗಿತು. ಅಗೆಯುವವರು ನಡುವೆ, ಉಳಿದವರು ಸುತ್ತ. "ಬಾರೋ ಬೋಳಿಮಗನೆ, ಬಾ!" ಎಂದು ಒಬ್ಬಳು ಸನಿಕೆ ಬೀಸಿದಳು. ಆಳೊಬ್ಬನ ಮೊಣಕಾಲು ಒಡೆಯಿತು. ಇನ್ನೊಬ್ಬನ ದೊಣ್ಣೆಗೆ ಕುಳ್ಳಿಯ ಮಣಿಕಟ್ಟು ಮುರಿದು ಕೈ ಜೋತುಬಿತ್ತು. ಅತ್ತೆ ನೆಲದಲ್ಲಿ ತೆವಳಿ ಹೋಗಿ ಮೇಸ್ತ್ರಿಯ ಕಾಲನ್ನು ಅಪ್ಪಿ ಹಿಡಿದಳು. ಅವನು ಬೆನ್ನಿಗೆ ಸಲಾಕೆ ಹಾಕಿದಷ್ಟೂ ಅಪ್ಪುಗೆ ಬಿಗಿಯಾಯಿತು. ಸಾಹೇಬರ ಜೀಪು ಎತ್ತಲೋ ಹೊರಟಿತು. ಕೆಳಗೆ ಬಿದ್ದ ಪುಸ್ತಕಗಳನ್ನು ನಕ್ಷೆ ಮೇಡಂ ಒಂದೊಂದೇ ಆಯ್ದು ಎದೆಗೊತ್ತಿಕೊಳ್ಳುತ್ತಿದ್ದಳು.

ಕೊಕ್ಕರೆ ಎಡಗೈಯಲ್ಲಿ ಅಗೆದಳು. ಗುದ್ದಲಿ ಸಿಗದಾಗ ಉಗುರಲ್ಲಿ ಅಗೆದಳು. ಮೊಳಕಾಲುದ್ದ ಆಯಿತು, ಸೊಂಟದುದ್ದ ಆಯಿತು. ಟಕ್ಕೆಂದಿತು. ಏಣಿಯ ತಲೆ. ಹೆಂಗಸರ ಬಾಯಿಂದ ಒಮ್ಮೆಲೇ ಉಸಿರು ಹೊರಟಿತು. ಅವಳು ಅದರ ಪಕ್ಕದ ಮಣ್ಣಿಗೆ ಕೈ ತೂರಿಸಿ ತಡಕಾಡಿದಳು. ಬೆರಳಿಗೆ ತಂತಿ ಚುಚ್ಚಿತು.

ಅವಳು ಅದನ್ನು ಎಳೆದು ತೆಗೆದಳು. ರಬ್ಬರಿನ ಮೆಟ್ಟು, ಎಡಗಾಲಿನದು, ಉಂಗುಟಕ್ಕೆ ತಾಮ್ರದ ತಂತಿ. ತಂತಿಗೆ ಹಸಿರು ಕಿಲುಬು ಹಿಡಿದಿತ್ತು.

ಹೊಡೆಯುವವರ ಕೈಯೂ ನಿಂತಿತು. ಕೊಕ್ಕರೆ ಗುಂಡಿಯಿಂದ ಮೇಲೆ ಬಂದಳು. ಧಣಿ ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ. ಓಡುವುದಕ್ಕೆ ಅವನಿಗೆ ಮರ್ಯಾದೆ ಅಡ್ಡ ಬಂದಿತ್ತು.

"ಯಾವನದ್ದೋ ಹಳೇ ಮೆಟ್ಟು ತಂದು ನಾಟ್ಕ..." ಎಂದ.

"ಮೆಟ್ಟು ಮೆಟ್ಕೊಂಡು ಓಡಿಹೋದ ಅಂದ್ಯಲ್ಲ," ಎಂದಳು ಕೊಕ್ಕರೆ. "ತಗೋ. ಬಂದಿದಾನೆ."

ಎಡಗೈ ಬೀಸಿ ಅವನ ಕೆನ್ನೆಗೆ ಬಾರಿಸಿದಳು. ಪೆಂಡಾಲಿನ ಕೊನೆಯವರೆಗೆ ಕೇಳಿಸಿತು ಆ ಸದ್ದು. ತಂತಿಯ ತುದಿ ತಾಗಿ ಅವನ ತುಟಿ ಸೀಳಿತು. ಮತ್ತೊಂದು ಸಲ ಬಾರಿಸಿದಳು. ಮಣ್ಣು, ಬೂದಿ, ರಕ್ತ ಅವನ ಬಿಳಿ ಅಂಗಿಯ ಮೇಲೆ ಇಳಿದವು. ಅವನ ಮುಖದ ಮೇಲೆ ಅಲ್ಲಿಯವರೆಗೆ ಯಾರ ಕೈಯೂ ಬಿದ್ದಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವನು ಕೆನ್ನೆ ಮುಟ್ಟಿ ನೋಡಿಕೊಂಡ.

ಆಮೇಲೆ, "ಕೊಂದ್ಹಾಕ್ರೋ!" ಎಂದು ಕಿರುಚಿದ.

ಮೇಸ್ತ್ರಿ ಕಾಲು ಕೊಡವಿ ಮುದುಕಿಯನ್ನು ಆಚೆಗೆ ಎಸೆದ. ದೂರದ ದಾರಿಯಲ್ಲಿ ಧೂಳೆದ್ದಿತು, ಪೊಲೀಸರ ವ್ಯಾನು. ಅದನ್ನು ಯಾರು ಯಾರಿಗಾಗಿ ಕರೆಸಿದ್ದರೆಂದು ಬಯಲಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಲಾಕೆ, ದೊಣ್ಣೆಗಳು ಮತ್ತೆ ಮೇಲೆದ್ದವು. ಹೆಂಗಸರು ಭುಜಕ್ಕೆ ಭುಜ ಕೊಟ್ಟು ಸುತ್ತು ಕಟ್ಟಿದರು. ಈ ಸಲ ಗಂಡಸರೂ ಬಂದು ಅವರ ಪಕ್ಕ ನಿಂತರು.

ಕೊಕ್ಕರೆ ಮೆಟ್ಟನ್ನು ಅತ್ತೆಯ ಮಡಿಲಿಗೆ ಹಾಕಿ ಗುಂಡಿಗೆ ಇಳಿದಳು. ಬೆನ್ನ ಹಿಂದೆ ಮೊದಲ ಏಟು ಯಾರ ಮೇಲೆ ಬಿತ್ತೆಂದು ಅವಳು ತಿರುಗಿ ನೋಡಲಿಲ್ಲ. ಗುದ್ದಲಿ ಎತ್ತಿದಳು.

ಇನ್ನೊಂದು ಮೆಟ್ಟು ಸಿಕ್ಕಿರಲಿಲ್ಲ. ಏಣಿಯ ಬುಡ ಇನ್ನೂ ಆಳದಲ್ಲಿತ್ತು.